ಟಂಕಸಾಲೆಯ ತಪ್ಪೋ, ಮಣ್ಣಿನ ಕಿತಾಪತಿಯೋ?

ನಾಣ್ಯಪ್ರಿಯರ ಪ್ರಶ್ನೆ–ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು: ನಾಣ್ಯದಲ್ಲಿ ಏನೋ ವಿಚಿತ್ರವಿದೆ, ಇದು ಎರರ್ ನಾಣ್ಯವೇ? ಕೆಲವು ಪ್ರಶ್ನೆಗಳನ್ನು ಒಟ್ಟು ಸೇರಿಸಿ, ಕೆಲವನ್ನು ಮೊಟಕು ಮಾಡಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಅಮೆರಿಕದ 1977ರ 25 ಸೆಂಟ್ ನಾಣ್ಯವೊಂದು ಮಣ್ಣಿನಲ್ಲಿ ಸಿಕ್ಕಿತು. ಬೆಳ್ಳಿಬಣ್ಣ ಇರಬೇಕಾದಲ್ಲಿ ಕೆಂಪು ಮಿಶ್ರಿತ ಕಂದು ಬಣ್ಣ. ಮೇಲ್ಪದರವೇ ಇಲ್ಲದೆ ಟಂಕಸಾಲೆಯಿಂದ ಹೊರಬಿದ್ದ ನಾಣ್ಯ ಇದು ಎಂದು ಗೆಳೆಯರ ವಾದ. ಹೌದೇ?

ಉತ್ತರ: ವಾದ ಬೇಡ, ತೂಗಿ ನೋಡಿ. ಈ ನಾಣ್ಯದ ನಡುವೆ ಶುದ್ಧ ತಾಮ್ರ, ಎರಡು ಬದಿಗೂ 75% ತಾಮ್ರ ಮತ್ತು 25% ನಿಕೆಲ್ ಬೆರೆತ ತೆಳು ಪದರ. ಪೂರ್ತಿ ತೂಕ 5.67 ಗ್ರಾಂ. ಒಂದೊಂದು ಪದರವೂ ಒಟ್ಟು ತೂಕದ ಆರನೇ ಒಂದು ಪಾಲು. ಹಾಗಾಗಿ ಒಂದು ಪದರ ನಿಜವಾಗಿಯೂ ಇಲ್ಲದಿದ್ದರೆ ತೂಕ 4.7 ಗ್ರಾಂ ಆಸುಪಾಸಿಗೆ ಇಳಿಯಬೇಕು. ಎರಡೂ ಇಲ್ಲದಿದ್ದರೆ 3.8ರ ಹತ್ತಿರ ಬರಬೇಕು. ನಿಮ್ಮ ನಾಣ್ಯ 5.6 ಗ್ರಾಂ ತೂಗಿದರೆ ಪದರ ಎಲ್ಲಿಗೂ ಹೋಗಿಲ್ಲ, ಮಣ್ಣು ಅದರ ಬಣ್ಣ ಕೆಡಿಸಿದೆ, ಅಷ್ಟೆ. ಮೇಲ್ಪದರದಲ್ಲೂ ಮುಕ್ಕಾಲು ಪಾಲು ತಾಮ್ರವೇ ಇರುವುದರಿಂದ ತೇವ ಮತ್ತು ಲವಣ ಸೇರಿದರೆ ಅದು ಕೆಂಪಗಾಗುವುದರಲ್ಲಿ ಆಶ್ಚರ್ಯವೇನಿಲ್ಲ.

ತೂಕದ ಯಂತ್ರ ಕೈಗೆ ಸಿಗುವ ತನಕ ನಾಣ್ಯದ ಪಕ್ಕೆ ನೋಡಿ. ಒಳ್ಳೆಯ ನಾಣ್ಯದಲ್ಲಿ ತಾಮ್ರದ ಪಟ್ಟಿ ನಡುವೆ, ಅದರ ಎರಡು ಬದಿಗೂ ಬಿಳಿ ಗೆರೆ. ಪದರ ಇಲ್ಲದ ನಾಣ್ಯದಲ್ಲಿ ತಾಮ್ರದ ಪಟ್ಟಿ ಒಂದು ಮುಖದವರೆಗೂ ಹಬ್ಬಿ, ಇನ್ನೊಂದು ಬದಿಯ ಬಿಳಿ ಗೆರೆ ಹಾಗೇ ಉಳಿದಿರುತ್ತದೆ. ಹೂತುಹೋಗಿದ್ದ ನಾಣ್ಯದಲ್ಲಿ ಪಕ್ಕೆ, ಅಂಚು, ಮುಖ ಎಲ್ಲವೂ ಒಂದೇ ಕೊಳಕು ಬಣ್ಣ, ಅಕ್ಷರಗಳ ಸಂದಿಯಲ್ಲಿ ಇನ್ನಷ್ಟು ಗಾಢ.

ಮುಂದಿನ ಉತ್ತರಗಳಿಗೆಲ್ಲ ಬೇಕಾಗುವ ಮಾತನ್ನು ಇಲ್ಲೇ ಹೇಳಿಬಿಡುತ್ತೇವೆ. ಲೋಹವನ್ನು ಹಾಳೆಯಾಗಿ ಲಟ್ಟಿಸಿ, ಅದರಿಂದ ದುಂಡನೆಯ ಬಿಲ್ಲೆ ಕತ್ತರಿಸಿ, ಕಾಯಿಸಿ ಮೆತ್ತಗೆ ಮಾಡಿ, ತೊಳೆದು, ಅಂಚು ಎಬ್ಬಿಸಿ, ಕೊನೆಗೆ ಕಾಲರ್ ಎಂಬ ಬಳೆಯೊಳಗೆ ಕೂರಿಸಿ ಎರಡು ಅಚ್ಚುಗಳ ನಡುವೆ ಒತ್ತಿದಾಗ ಬಿಲ್ಲೆ ನಾಣ್ಯವಾಗುತ್ತದೆ. ತಪ್ಪು ಬಿಲ್ಲೆಯಲ್ಲಿ ಇರಬಹುದು, ಅಚ್ಚಿನಲ್ಲಿ ಇರಬಹುದು, ಒತ್ತುವ ಏಟಿನಲ್ಲಿ ಇರಬಹುದು. ನಾಲ್ಕನೆಯ ಜಾಗ ಇಲ್ಲ. ಆ ಏಟಿಗೆ ಮೊದಲು ಅಥವಾ ಏಟಿನ ಹೊತ್ತಿಗೇ ಆದದ್ದು ಟಂಕಸಾಲೆಯ ತಪ್ಪು, ಆಮೇಲೆ ಆದದ್ದು ಹಾನಿ. ಟಂಕಸಾಲೆಯ ಗೋಡೆಯೊಳಗೇ, ಮುದ್ರೆ ಬಿದ್ದ ನಾಣ್ಯಕ್ಕೆ ಇನ್ನೊಂದು ನಾಣ್ಯ ಬಡಿದು ಗೀಚಾದರೂ ಅದು ಹಾನಿಯ ಲೆಕ್ಕಕ್ಕೇ ಸೇರುತ್ತದೆ.

ಮೊದಲೋ ಆಮೇಲೋ ಎಂದು ಹೇಳುವ ಸಾಕ್ಷಿ ಹೊಳಪು. ಏಟು ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಸರಿದು, ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಹೊಸ ನಾಣ್ಯವನ್ನು ದೀಪದ ಕೆಳಗೆ ಮೆಲ್ಲಗೆ ವಾಲಿಸಿ ತಿರುಗಿಸಿದರೆ ಬೆಳಕಿನ ಪಟ್ಟಿಯೊಂದು ಚಕ್ರದ ಕಡ್ಡಿಯಂತೆ ಸುತ್ತುವುದು ಆ ಗೆರೆಗಳಿಂದಲೇ. ನಿಮ್ಮ ‘ತಪ್ಪಿನ’ ಜಾಗದ ಮೇಲೂ ಆ ಪಟ್ಟಿ ತಡೆಯಿಲ್ಲದೆ ಹಾದುಹೋದರೆ ಮುಂದಿನ ಪರೀಕ್ಷೆಗೆ ಹೋಗಿ. ಅಲ್ಲಿಗೆ ಬಂದು ಪಟ್ಟಿ ಮುರಿದರೆ, ಏಟು ಬಿದ್ದ ಮೇಲೆ ಯಾರೋ ಅಥವಾ ಯಾವುದೋ ಅಲ್ಲಿ ಕೈಯಾಡಿಸಿದೆ.

ಪ್ರಶ್ನೆ: ಇಸವಿಯ ಅಂಕಿಗಳು ಎರಡೆರಡು ಸಲ ಒತ್ತಿದಂತೆ ಕಾಣುತ್ತವೆ. ‘ಡಬಲ್ಡ್ ಡೈ’ ಎಂದರೆ ಇದೇನಾ?

ಉತ್ತರ: ಜೋಡಿ ಅಂಕಿ ಕಂಡಾಕ್ಷಣ ಎಲ್ಲರ ಬಾಯಲ್ಲೂ ಬರುವ ಹೆಸರು ಅದೇ. ಆದರೆ ಜೋಡಿಯಾಗಿ ಕಾಣುವುದಕ್ಕೆ ಕನಿಷ್ಠ ನಾಲ್ಕು ಕಾರಣಗಳಿವೆ, ಅವುಗಳಲ್ಲಿ ಒಂದಕ್ಕೆ ಮಾತ್ರ ದೊಡ್ಡ ಬೆಲೆ.

ನಿಜವಾದ ಡಬಲ್ಡ್ ಡೈ ಹುಟ್ಟುವುದು ನಾಣ್ಯ ಒತ್ತುವಾಗ ಅಲ್ಲ, ಅಚ್ಚು ತಯಾರಿಸುವಾಗ. ಹಳೆಯ ಕ್ರಮದಲ್ಲಿ ಹಬ್ ಎಂಬ ಉಬ್ಬು ಮಾದರಿಯನ್ನು ಉಕ್ಕಿನ ಅಚ್ಚಿನ ಮೇಲೆ ಒಂದಕ್ಕಿಂತ ಹೆಚ್ಚು ಸಲ ಒತ್ತಬೇಕಿತ್ತು, ಏಕೆಂದರೆ ಮೊದಲ ಒತ್ತಿಗೆ ಉಕ್ಕು ಗಡುಸಾಗಿಬಿಡುತ್ತದೆ. ಅದನ್ನು ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಒತ್ತುವಾಗ ಕೂದಲೆಳೆಯಷ್ಟು ತಿರುಗಿದರೂ ಅಕ್ಷರ ಎರಡಾಗಿ ಕೆತ್ತಿಹೋಗುತ್ತದೆ. ಆಮೇಲೆ ಆ ಅಚ್ಚಿನಿಂದ ಬರುವ ಪ್ರತಿಯೊಂದು ನಾಣ್ಯದಲ್ಲೂ ಅದೇ ಜೋಡಿ, ಅದೇ ಅಳತೆ. ಅಮೆರಿಕದ 1955ರ ಒಂದು ಸೆಂಟ್ ಇದಕ್ಕೆ ಹೆಸರುವಾಸಿ: ಮುಂಬದಿಯ ಇಸವಿ ಮತ್ತು ಬರಹ ಬರಿಗಣ್ಣಿಗೇ ಎರಡಾಗಿ ಕಾಣುತ್ತವೆ, ಹಿಂಬದಿ ಮಾತ್ರ ನೆಟ್ಟಗಿದೆ. ಅಂಥ 20,000ಕ್ಕೂ ಹೆಚ್ಚು ನಾಣ್ಯಗಳು ಚಲಾವಣೆಗೆ ಹೋದವು.

ಇದರ ನಕಲಿನಂತೆ ಕಾಣುವುದು ಯಂತ್ರದ ನಡುಕದ ಜೋಡಿ, ಅಂದರೆ ಮೆಷಿನ್ ಡಬಲಿಂಗ್. ಏಟು ಬಿದ್ದಾದ ಮೇಲೆ ಸಡಿಲವಾಗಿದ್ದ ಅಚ್ಚು ಹಿಂದೆ ಸರಿಯುವಾಗ ಪಕ್ಕಕ್ಕೆ ಜಾರಿ, ಆಗಷ್ಟೇ ಮೂಡಿದ ಅಕ್ಷರದ ಮಗ್ಗುಲನ್ನು ಹೆರೆದುಬಿಡುತ್ತದೆ. ಎರಡನ್ನೂ ಬೇರೆ ಮಾಡುವುದು ಹೀಗೆ. 10 ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು ಒಂದೇ ಒಂದು ಅಂಕಿಯನ್ನು ನೋಡಿ, 5 ಇದ್ದರೆ ಒಳ್ಳೆಯದು. ನಿಜವಾದ ಜೋಡಿಯಲ್ಲಿ ಎರಡು ಅಂಕಿಗಳಿಗೂ ಮೈದುಂಬಿದ ಉಬ್ಬು ಇರುತ್ತದೆ, ಮೂಲೆಗಳಲ್ಲಿ ಸೀಳಿದಂಥ ಸಣ್ಣ ಕಚ್ಚು ಕಾಣುತ್ತದೆ, ಒಟ್ಟು ಅಂಕಿ ಮಾಮೂಲಿಗಿಂತ ದಪ್ಪ. ನಡುಕದ ಜೋಡಿಯಲ್ಲಿ ಎರಡನೆಯದು ಅಂಕಿಯೇ ಅಲ್ಲ, ನೆಲಕ್ಕೆ ಹತ್ತಿಕೊಂಡ ಚಪ್ಪಟೆ ಮೆಟ್ಟಿಲು. ಅದು ಪಳಪಳ ಹೊಳೆಯುತ್ತದೆ, ಮೂಲ ಅಂಕಿ ಅಷ್ಟರಮಟ್ಟಿಗೆ ಸಣಕಲಾಗಿರುತ್ತದೆ. ಅದೇ ಇಸವಿಯ ಇನ್ನೊಂದು ನಾಣ್ಯವನ್ನು ಪಕ್ಕಕ್ಕಿಟ್ಟು ಅಂಕಿಯ ಅಗಲ ಹೋಲಿಸಿದರೆ ಅರ್ಧ ಜಗಳ ಅಲ್ಲೇ ಬಗೆಹರಿಯುತ್ತದೆ: ದಪ್ಪವಾಗಿದ್ದರೆ ಆಸೆ ಇಟ್ಟುಕೊಳ್ಳಿ, ತೆಳ್ಳಗಿದ್ದರೆ ಬಿಟ್ಟುಬಿಡಿ.

ಮೂರನೆಯದು ಸವೆದ ಅಚ್ಚಿನ ಜೋಡಿ. ಸಾವಿರಾರು ಏಟು ತಿಂದ ಅಚ್ಚಿನಲ್ಲಿ ಅಕ್ಷರದ ದಡಗಳು ಸವೆದು, ನಾಣ್ಯದ ಮೇಲೆ ಅಕ್ಷರದ ಸುತ್ತ ಮಸುಕು ನೆರಳು ಬೀಳುತ್ತದೆ. ಜೊತೆಗೆ ಬಯಲು ಜಾಗವೆಲ್ಲ ತರಿತರಿ.

ನಾಲ್ಕನೆಯದು ಲೇಪದ ನಾಣ್ಯಗಳಿಗೇ ಮೀಸಲು. ಅಮೆರಿಕದ ಒಂದು ಸೆಂಟ್ 1982ರ ನಡುವೆ ತಾಮ್ರದಿಂದ ಸತುವಿಗೆ ಬದಲಾಯಿತು; 97.5% ಸತು, ಮೇಲೆ ತೆಳುವಾದ ತಾಮ್ರದ ಹೊದಿಕೆ. ಏಟಿನ ಎಳೆತಕ್ಕೆ ಹೊದಿಕೆ ಅಕ್ಷರದ ಬುಡದಲ್ಲಿ ಬಿರಿದು ಒಳಗಿನ ನೀಲಿ-ಬೂದು ಸತು ಗೆರೆಯಾಗಿ ಕಾಣುತ್ತದೆ, ಹೆಚ್ಚಾಗಿ ಅಂಚಿನ ಕಡೆಯ ಮಗ್ಗುಲಲ್ಲಿ. ಹೊದಿಕೆಯಡಿ ಗಾಳಿ ಸೇರಿ ಗುಳ್ಳೆ ಎದ್ದರೂ ಅಕ್ಷರ ಊದಿ ಎರಡಾದಂತೆ ಕಾಣುವುದುಂಟು. ಅನುಮಾನವಿದ್ದರೆ ಮರದ ಕಡ್ಡಿಯ ಮೊನೆಯಿಂದ ಮೆತ್ತಗೆ ಒತ್ತಿ: ಗುಳ್ಳೆಯಾದರೆ ಅಮರುತ್ತದೆ, ಅಚ್ಚಿನ ಉಬ್ಬು ಅಲುಗಾಡುವುದಿಲ್ಲ. ನಾಣ್ಯ ಬೆಲೆಯುಳ್ಳದ್ದು ಎನಿಸಿದರೆ ಈ ಪ್ರಯೋಗಕ್ಕೆ ಕೈಹಾಕಬೇಡಿ.

ಪ್ರಶ್ನೆ: ಮುಖದ ಚಿತ್ರದಿಂದ ಅಂಚಿನವರೆಗೆ ಒಂದು ಗೆರೆ ಇದೆ. ಬಿರುಕೋ ಗೀಚೋ?

ಉತ್ತರ: ಗೆರೆ ಉಬ್ಬಿದೆಯೋ ತಗ್ಗಿದೆಯೋ ನೋಡಿ. ಅಚ್ಚು ಬಿರಿದರೆ ಆ ಸಂದಿಗೆ ನಾಣ್ಯದ ಲೋಹ ನುಗ್ಗುತ್ತದೆ, ಆದ್ದರಿಂದ ಅಚ್ಚಿನ ಬಿರುಕು ನಾಣ್ಯದಲ್ಲಿ ಯಾವಾಗಲೂ ಉಬ್ಬುಗೆರೆ. ಅಚ್ಚಿನ ಅಂಚಿನ ತುಂಡೇ ಕಳಚಿ ಬಿದ್ದರೆ ಆ ಜಾಗದಲ್ಲಿ ಚಿತ್ರ ಮಾಯವಾಗಿ ಅಂಚಿಗೆ ಅಂಟಿದ ಲೋಹದ ದಿಮ್ಮಿ ಉಳಿಯುತ್ತದೆ. ತಗ್ಗುಗೆರೆ ಗೀಚು. ಗೀಚಿನ ದಂಡೆಯ ಮೇಲೆ, ಉತ್ತ ಸಾಲಿನ ಪಕ್ಕ ಮಣ್ಣು ಏಳುವಂತೆ, ಲೋಹ ಸಣ್ಣ ಏರಿಯಾಗಿ ಎದ್ದಿರುತ್ತದೆ.

ಫೋಟೊದಲ್ಲಿ ಇದೇ ಮೋಸ ಮಾಡುವುದು. ಬೆಳಕು ಕೆಳಗಿನಿಂದ ಬಿದ್ದಿದ್ದರೆ ತಗ್ಗು ಉಬ್ಬಾಗಿಯೂ ಉಬ್ಬು ತಗ್ಗಾಗಿಯೂ ಕಾಣುತ್ತದೆ. ಪಕ್ಕದ ಅಕ್ಷರಗಳು ಉಬ್ಬಿವೆ ಎಂಬುದು ಗೊತ್ತಿದ್ದ ವಿಷಯ. ಅಕ್ಷರದ ನೆರಳು ಯಾವ ಕಡೆಗಿದೆಯೋ ಗೆರೆಯ ನೆರಳೂ ಅದೇ ಕಡೆಗಿದ್ದರೆ ಅದು ಉಬ್ಬುಗೆರೆ.

ಇನ್ನೊಂದು ಬಗೆಯ ಗೀಚು ಅನೇಕರನ್ನು ಏಮಾರಿಸುತ್ತದೆ: ಅಂಚಿಗೆ ಸಮನಾಗಿ ಕಂಪಾಸಿನಲ್ಲಿ ಎಳೆದಂಥ ಹೊಳೆಯುವ ಕಮಾನು. ನಾಣ್ಯಗಳನ್ನು ಕಾಗದದ ಸುರುಳಿಯಲ್ಲಿ ಕಟ್ಟುವ ಯಂತ್ರದ ಕೊಕ್ಕೆ, ಸುರುಳಿಯ ತುದಿಯ ನಾಣ್ಯದ ಮೇಲೆ ತಿರುಗಿದ ಗುರುತು ಅದು.

ಪ್ರಶ್ನೆ: ನಾಣ್ಯದ ಅಂಚು ವಿಪರೀತ ದಪ್ಪ, ಅಳತೆ ಚಿಕ್ಕದು, ಸುತ್ತಲಿನ ಅಕ್ಷರಗಳು ಅರ್ಧ ಮುಚ್ಚಿಹೋಗಿವೆ. ಬೇರೆ ಕಾಲರ್‌ನಲ್ಲಿ ಒತ್ತಿದ್ದೇ?

ಉತ್ತರ: ಅಲ್ಲ. ಇದು ಬಟ್ಟೆ ಒಣಗಿಸುವ ಯಂತ್ರದ ಡ್ರಮ್ಮಿನ ಸಂದಿಯಲ್ಲಿ ಸಿಕ್ಕಿಕೊಂಡು ತಿಂಗಳುಗಟ್ಟಲೆ ಉರುಳಿದ ನಾಣ್ಯ. ಬಿಸಿಯೂ ಬಡಿತವೂ ಸೇರಿ ಅಂಚಿನ ಲೋಹ ಒಳಕ್ಕೆ ಮಡಚಿಕೊಳ್ಳುತ್ತದೆ. ವ್ಯಾಸ ಕುಗ್ಗಿದರೂ ತೂಕ ಹೆಚ್ಚುಕಡಿಮೆ ಹಾಗೇ ಇರುವುದು ಗುರುತು. ಪಕ್ಕೆಯ ಹಲ್ಲುಗೆರೆಗಳು ಅಳಿಸಿ, ಅಲ್ಲಿ ಸಣ್ಣ ಬಡಿತದ ಕಲೆಗಳು ಒತ್ತೊತ್ತಾಗಿರುತ್ತವೆ. ಚಮಚದ ಹಿಂಬದಿಯಿಂದ ಅಂಚನ್ನು ಹೊತ್ತು ಕಳೆಯಲು ಬಡಿಯುತ್ತ ಕೂತವರ ನಾಣ್ಯವೂ ಹೀಗೇ ಆಗುತ್ತದೆ.

ಇದರ ತದ್ವಿರುದ್ಧ ಟಂಕಸಾಲೆಯ ನಿಜವಾದ ತಪ್ಪೇ: ಕಾಲರ್ ತನ್ನ ಜಾಗದಲ್ಲಿ ಇಲ್ಲದಾಗ ಏಟು ಬಿದ್ದರೆ ನಾಣ್ಯ ಹರಡಿಕೊಂಡು ದೊಡ್ಡದಾಗುತ್ತದೆ, ಪಕ್ಕೆಯಲ್ಲಿ ಹಲ್ಲುಗೆರೆ ಮೂಡುವುದೇ ಇಲ್ಲ. ಅಲ್ಲಿ ಚಿತ್ರ ಚೂಪಾಗಿರಬೇಕು. ಸುತ್ತಿಗೆಯಿಂದ ಬಡಿದು ಅಗಲ ಮಾಡಿದ್ದರೆ ಚಿತ್ರವೂ ಅದರೊಂದಿಗೇ ಚಪ್ಪಟೆಯಾಗಿರುತ್ತದೆ.

ಪ್ರಶ್ನೆ: ಅಂಚಿನಿಂದ ಅರ್ಧಚಂದ್ರದಂತೆ ಒಂದು ತುಂಡು ಇಲ್ಲ. ಕತ್ತರಿಸಿದ್ದೋ, ಹುಟ್ಟಿನಿಂದಲೇ ಹೀಗೋ?

ಉತ್ತರ: ಲೋಹದ ಹಾಳೆ ಮುಂದೆ ಸರಿಯುವುದು ತುಸು ತಡವಾದರೆ, ಬಿಲ್ಲೆ ಕತ್ತರಿಸುವ ಉಳಿ ಆಗಲೇ ತೂತಾದ ಜಾಗದ ಮೇಲೆ ಅರೆಬರೆ ಬೀಳುತ್ತದೆ. ಹುಟ್ಟಿನಿಂದಲೇ ತುಂಡು ಕಳೆದುಕೊಂಡ ಬಿಲ್ಲೆ ಹೀಗೆ ಬರುತ್ತದೆ. ಹಾಳೆಯ ಕೊನೆಯಂಚಿನಲ್ಲಿ ಉಳಿ ಬಿದ್ದರೆ ತುಂಡಾದ ಅಂಚು ನೇರವಾಗಿರುತ್ತದೆ.

ಪರೀಕ್ಷೆಗೆ ಮೊದಲು ತುಂಡಿನ ಕಡೆ ನೋಡಬೇಡಿ, ಅದರ ನೇರ ಎದುರು ಬದಿ ನೋಡಿ. ಬಿಲ್ಲೆಯ ಅಂಚು ಎಬ್ಬಿಸುವ ಯಂತ್ರ ಎರಡು ಕಡೆಯಿಂದ ಒತ್ತುತ್ತ ಉರುಳಿಸುತ್ತದೆ. ಒಂದು ಕಡೆ ಲೋಹವೇ ಇಲ್ಲದಾಗ ಎದುರು ಕಡೆಗೂ ಒತ್ತಡ ಸಿಗುವುದಿಲ್ಲ, ಅಲ್ಲಿ ಅಂಚು ಸಪ್ಪಗೆ, ಚಪ್ಪಟೆಯಾಗಿ ಉಳಿಯುತ್ತದೆ. ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಎಂಬ ಹೆಸರಿದೆ. ನಾಣ್ಯ ಸಿದ್ಧವಾದ ಮೇಲೆ ಕತ್ತರಿಸಿದವನು ಎದುರು ಬದಿಯ ಅಂಚನ್ನು ಕೆಡಿಸುವ ಗೋಜಿಗೆ ಹೋಗಿರುವುದಿಲ್ಲ. ಅದು ಗಟ್ಟಿಯಾಗಿ, ನೆಟ್ಟಗೆ ನಿಂತಿರುತ್ತದೆ.

ಈಗ ತುಂಡಿನ ಕಡೆ ಬನ್ನಿ. ಹುಟ್ಟು ತುಂಡಿನ ಹತ್ತಿರ ಕಾಲರ್‌ನ ತಡೆ ಇಲ್ಲದ್ದರಿಂದ ಏಟಿನ ಹೊತ್ತಿಗೆ ಲೋಹ ಆ ಖಾಲಿಯ ಕಡೆಗೆ ಹರಿದಿರುತ್ತದೆ: ಅಕ್ಷರಗಳು ಅತ್ತ ಎಳೆದಂತೆ ಉದ್ದವಾಗಿ ಮಸುಕಾಗುತ್ತವೆ, ಅಂಚು ಮೆಲ್ಲಮೆಲ್ಲಗೆ ತೆಳುವಾಗಿ ಮುಗಿಯುತ್ತದೆ. ಆಮೇಲೆ ಕತ್ತರಿಸಿದ್ದರೆ ಅಕ್ಷರ ಚಾಕುವಿನಿಂದ ಕುಯ್ದಂತೆ ತಟ್ಟನೆ ನಿಲ್ಲುತ್ತದೆ, ಕುಯ್ದ ಮೈಯಲ್ಲಿ ಅರದ ಸಮಾನಾಂತರ ಗೆರೆಗಳಿರುತ್ತವೆ. ತೂಕ ಇಲ್ಲಿ ನೆರವಿಗೆ ಬರುವುದಿಲ್ಲ, ಎರಡು ಬಗೆಯಲ್ಲೂ ಅದು ಕಡಿಮೆಯೇ. ಎದುರು ಬದಿಯ ಸಪ್ಪೆ ಅಂಚು ಎಲ್ಲ ಹುಟ್ಟು ತುಂಡುಗಳಲ್ಲೂ ಅಷ್ಟೇ ಸ್ಪಷ್ಟವಾಗಿ ಕಾಣುವುದಿಲ್ಲ. ತುಂಡು ತೀರ ಚಿಕ್ಕದಾಗಿದ್ದರೆ ಲೋಹ ಹರಿದ ದಿಕ್ಕನ್ನೇ ಹೆಚ್ಚು ನಂಬಬೇಕು.

ಪ್ರಶ್ನೆ: ತಾಮ್ರದ ಒಂದು ಸೆಂಟ್ ಪೂರ್ತಿ ಬೆಳ್ಳಿಬಣ್ಣದಲ್ಲಿದೆ. ಇನ್ನೊಂದು ಚಿನ್ನದಂತೆ ಹಳದಿ. ಬೇರೆ ಲೋಹದ ಬಿಲ್ಲೆಯ ಮೇಲೆ ಒತ್ತಿರಬಹುದೇ?

ಉತ್ತರ: ಎರಡೂ ರಸಾಯನಶಾಸ್ತ್ರದ ತರಗತಿಯಲ್ಲಿ ಹುಟ್ಟಿದ ನಾಣ್ಯಗಳಿರುವ ಸಂಭವವೇ ಹೆಚ್ಚು. ಬಿಸಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಸತುವಿನ ಪುಡಿಯೊಡನೆ ತಾಮ್ರದ ನಾಣ್ಯ ಹಾಕಿದರೆ ಮೇಲೆ ಸತುವಿನ ತೆಳು ಲೇಪ ಕೂತು ಬೆಳ್ಳಿಯಂತಾಗುತ್ತದೆ. ಅದನ್ನೇ ಜ್ವಾಲೆಗೆ ಹಿಡಿದರೆ ಸತು ತಾಮ್ರದೊಂದಿಗೆ ಬೆರೆತು ಹಿತ್ತಾಳೆಯಾಗಿ ಹಳದಿ ಬರುತ್ತದೆ. ಪ್ರಯೋಗ ಚೆಂದವೇ. ನಾಣ್ಯ ಜೇಬು ಸೇರಿ ಹತ್ತು ಕೈ ಬದಲಾದ ಮೇಲೆ ಅದಕ್ಕೆ ಕಥೆ ಹುಟ್ಟಿಕೊಳ್ಳುತ್ತದೆ.

ಲೇಪ ಎಷ್ಟು ತೆಳುವೆಂದರೆ ತೂಕದಲ್ಲಿ ವ್ಯತ್ಯಾಸ ಸಿಗುವುದಿಲ್ಲ. ಸವಕಳಿ ಸಿಗುತ್ತದೆ. ಚಿತ್ರದ ಅತಿ ಎತ್ತರದ ಜಾಗ, ಅಂದರೆ ಕೆನ್ನೆ, ಕೂದಲು, ಅಂಚು, ಸವೆದು ನುಣ್ಣಗಾಗಿದ್ದರೂ ಅಲ್ಲೂ ಅದೇ ಬೆಳ್ಳಿಬಣ್ಣ ಸಮನಾಗಿ ಹರಡಿದ್ದರೆ ಬಣ್ಣ ಬಂದದ್ದು ಸವೆದ ಮೇಲೆ. ಇಷ್ಟು ಸರಳ.

ಬೇರೆ ಬಿಲ್ಲೆಯ ಮೇಲೆ ಬಿದ್ದ ನಿಜವಾದ ನಾಣ್ಯ ಹಾಗಲ್ಲ, ಅಲ್ಲಿ ಅಳತೆಯೇ ಸಾಕ್ಷಿ ಹೇಳುತ್ತದೆ. ಒಂದು ಸೆಂಟಿನ ಅಚ್ಚಿನಡಿ 10 ಸೆಂಟಿನ ಬಿಲ್ಲೆ ಸಿಕ್ಕಿಕೊಂಡರೆ ನಾಣ್ಯದ ತೂಕ 2.27 ಗ್ರಾಂ ಇರಬೇಕು. ಸೆಂಟಿನ ವ್ಯಾಸ 19.05 ಮಿ.ಮೀ., 10 ಸೆಂಟಿನದು 17.91. ಬಿಲ್ಲೆ ಚಿಕ್ಕದಾದ್ದರಿಂದ ಸುತ್ತಿನ ಅಕ್ಷರಗಳು ಪೂರ್ತಿ ಬೀಳಲಾರವು. ಬೆಳ್ಳಿಬಣ್ಣದ ಸೆಂಟ್ ಸರಿಯಾಗಿ 3.11 ಅಥವಾ 2.50 ಗ್ರಾಂ ತೂಗಿ, ಅಕ್ಷರಗಳೆಲ್ಲ ಪೂರ್ತಿ ಇದ್ದರೆ ಅದು ಬಣ್ಣ ಬಳಿದುಕೊಂಡ ಮಾಮೂಲಿ ಸೆಂಟ್.

1943ರ ಸೆಂಟ್ ಬಗ್ಗೆಯೂ ಹಲವರು ಕೇಳಿದ್ದಾರೆ. ಯುದ್ಧಕಾಲದ ಆ ವರ್ಷ ಅದನ್ನು ಸತು ಲೇಪಿಸಿದ ಉಕ್ಕಿನಲ್ಲಿ ಒತ್ತಿದರು, ತೂಕ 2.70 ಗ್ರಾಂ. ಉಳಿದುಹೋಗಿದ್ದ ತಾಮ್ರದ ಬಿಲ್ಲೆಗಳ ಮೇಲೆ ಬಿದ್ದ ಕೆಲವೇ ಕೆಲವು ನಾಣ್ಯಗಳಿಗೆ ಭಾರೀ ಬೆಲೆ. ಮೊದಲು ಅಯಸ್ಕಾಂತ ಹಿಡಿಯಿರಿ: ಅಂಟಿದರೆ ಉಕ್ಕಿನ ನಾಣ್ಯಕ್ಕೆ ಯಾರೋ ತಾಮ್ರ ಲೇಪಿಸಿದ್ದಾರೆ. ಅಂಟದಿದ್ದರೂ ಕುಣಿಯಬೇಡಿ, ಕೊನೆಯ ಅಂಕಿಯನ್ನು ಲೂಪ್‌ನಲ್ಲಿ ನೋಡಿ. 1948ರ 8ರ ಎಡ ಅರ್ಧ ಹೆರೆದು 3 ಮಾಡುವುದು ಹಳೆಯ ಕಸುಬು, ಹೆರೆದ ಜಾಗದ ನೆಲ ಗೀರುಗೀರಾಗಿರುತ್ತದೆ.

ಪ್ರಶ್ನೆ: ಒಳಗಿನ ಲೋಹ ಯಾವುದೆಂದು ಮನೆಯಲ್ಲೇ ತಿಳಿಯುವ ದಾರಿ ಇದೆಯೇ?

ಉತ್ತರ: ಇದೆ, ನಾಣ್ಯಕ್ಕೆ ಏನೂ ಆಗುವುದಿಲ್ಲ. 0.01 ಗ್ರಾಂವರೆಗೆ ತೋರಿಸುವ ತೂಕದ ಯಂತ್ರದಲ್ಲಿ ನಾಣ್ಯ ತೂಗಿ ಬರೆದುಕೊಳ್ಳಿ. ಆಮೇಲೆ ಯಂತ್ರದ ಮೇಲೆ ಸಣ್ಣ ಲೋಟ ನೀರು ಇಟ್ಟು ಸೊನ್ನೆಗೆ ತನ್ನಿ. ಸಪೂರ ದಾರದಲ್ಲಿ ನಾಣ್ಯ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತೋರಿಸುವ ಗ್ರಾಂ ಎಂದರೆ ನಾಣ್ಯದ ಗಾತ್ರ ಎಷ್ಟು ಘನ ಸೆಂ.ಮೀ. ಎಂದು. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ.

ಮೇಲೆ ಹೇಳಿದ ಎರಡು ಬಗೆಯ ಸೆಂಟಿಗೂ ನೀರಿನಲ್ಲಿ 0.35 ಬರುತ್ತದೆ. 3.11 ಗ್ರಾಂನದಕ್ಕೆ ಉತ್ತರ 8.9, ತಾಮ್ರದ ಹತ್ತಿರ. 2.50 ಗ್ರಾಂನದಕ್ಕೆ 7.1, ಅದು ಸತು. ಉಕ್ಕಿಗೆ 7.85, ಬೆಳ್ಳಿಗೆ 10.5. ಕೆಡುವುದು ಎರಡು ಕಡೆ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಗಾತ್ರ ಹೆಚ್ಚು ತೋರಿಸುತ್ತದೆ, ನೀರಿಗೆ ಒಂದು ಹನಿ ಸೋಪಿನ ದ್ರಾವಣ ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ. ಇನ್ನೊಂದು, ಚಿಕ್ಕ ನಾಣ್ಯಕ್ಕೆ 0.01ರ ತಪ್ಪೂ ದೊಡ್ಡದು: 0.35 ಬದಲು 0.36 ಬಂದರೆ 8.9 ಇದ್ದದ್ದು 8.6 ಆಗುತ್ತದೆ. ಐದು ಸಲ ಅಳೆದು ಸರಾಸರಿ ಹಿಡಿಯಿರಿ.

ಪ್ರಶ್ನೆ: ನಾಣ್ಯ ಮಾಮೂಲಿಗಿಂತ ತೆಳ್ಳಗೆ, ಹಗುರ. ತೆಳು ಬಿಲ್ಲೆಯ ತಪ್ಪೇ?

ಉತ್ತರ: ವ್ಯಾಸ ಅಳೆಯಿರಿ. ತೆಳುವಾಗಿ ಲಟ್ಟಿಸಿದ ಹಾಳೆಯ ಬಿಲ್ಲೆಯಾದರೆ ವ್ಯಾಸ ಸರಿಯಾಗಿಯೇ ಇರುತ್ತದೆ, ಮೇಲ್ಮೈ ಸ್ವಚ್ಛ, ಚಿತ್ರದ ಆಳವಾದ ಭಾಗಗಳು ಮಾತ್ರ ಪೂರ್ತಿ ತುಂಬಿರುವುದಿಲ್ಲ. ಆಮ್ಲದಲ್ಲಿ ಬಿದ್ದದ್ದಾದರೆ ವ್ಯಾಸವೂ ಕುಗ್ಗಿರುತ್ತದೆ, ಏಕೆಂದರೆ ಆಮ್ಲ ಎಲ್ಲ ಕಡೆಯಿಂದಲೂ ತಿನ್ನುತ್ತದೆ. ಅಕ್ಷರಗಳು ಸಣಕಲಾಗಿ ದಡ ಕರಗಿದಂತಿರುತ್ತವೆ, ಮೈಯೆಲ್ಲ ಸಕ್ಕರೆ ಚೆಲ್ಲಿದಂತೆ ತರಿ.

ಪ್ರಶ್ನೆ: ಒಂದೆರಡು ಅಕ್ಷರಗಳೇ ಮಾಯವಾಗಿವೆ. ಸವೆದದ್ದಂತೂ ಅಲ್ಲ, ನಾಣ್ಯ ಹೊಸದು.

ಉತ್ತರ: ಇದು ಬಹುಶಃ ಟಂಕಸಾಲೆಯದೇ. ಅಚ್ಚಿನ ಅಕ್ಷರದ ಕುಳಿಯಲ್ಲಿ ಗ್ರೀಸ್ ಮತ್ತು ಲೋಹದ ಪುಡಿ ಸೇರಿ ಗಟ್ಟಿಯಾದರೆ ಅಲ್ಲಿಗೆ ಲೋಹ ಹೋಗಲಾರದು. ಆಗ ಅಕ್ಷರದ ಮಸುಕು ನೆರಳು ಉಳಿದಿರುತ್ತದೆ, ಸುತ್ತಲಿನ ನೆಲ ಅದೇ ಮಟ್ಟದಲ್ಲಿದ್ದು ಹೊಳಪು ಅದರ ಮೇಲೂ ಹಾದುಹೋಗುತ್ತದೆ. ಹೆರೆದು ತೆಗೆದಿದ್ದರೆ ನೆಲ ತಗ್ಗಿ, ಒಂದೇ ದಿಕ್ಕಿನ ಗೀರುಗಳಿರುತ್ತವೆ. ನಿಜವಾಗಿದ್ದರೂ ಬೆಲೆ ಅಷ್ಟಕ್ಕಷ್ಟೆ. ಗ್ರೀಸ್ ತುಂಬಿದ ಅಚ್ಚು ಅಪರೂಪದ್ದೇನಲ್ಲ.

ಪ್ರಶ್ನೆ: (ಎರಡು ಪತ್ರಗಳು) ಒಬ್ಬರ ನಾಣ್ಯದಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದ ಅಕ್ಷರಗಳಿವೆ. ಇನ್ನೊಬ್ಬರದರಲ್ಲಿ ಎರಡು ಬದಿಗೂ ತಲೆ.

ಉತ್ತರ: ತಿರುವುಮುರುವು ಅಕ್ಷರ ನಿಜವಾಗಿಯೂ ಆಗಬಹುದು. ಒತ್ತಿಯಾದ ನಾಣ್ಯ ಅಚ್ಚಿಗೇ ಅಂಟಿಕೊಂಡು ಮುಂದಿನ ಬಿಲ್ಲೆಗೆ ತಾನೇ ಅಚ್ಚಾದರೆ, ಆ ಬಿಲ್ಲೆಯ ಒಂದು ಬದಿಯಲ್ಲಿ ಚಿತ್ರ ತಗ್ಗಾಗಿ, ಕನ್ನಡಿಬಿಂಬವಾಗಿ ಮೂಡುತ್ತದೆ. ಇದನ್ನು ಬ್ರೋಕೇಜ್ ಎನ್ನುತ್ತಾರೆ. ಅಲ್ಲಿ ಆ ಬದಿಯ ಮಾಮೂಲಿ ಉಬ್ಬುಚಿತ್ರಕ್ಕೆ ಜಾಗವೇ ಇರುವುದಿಲ್ಲ. ನಿಮ್ಮದರಲ್ಲಿ ಮಾಮೂಲಿ ಚಿತ್ರ ಹಾಗೇ ಇದ್ದು, ಅದರ ಮೇಲೆ ನಾಲ್ಕಾರು ತಿರುವು ಅಕ್ಷರಗಳು ಅಡ್ಡಾದಿಡ್ಡಿ ಒತ್ತಿಕೊಂಡಿದ್ದು, ಒತ್ತಿದ ಕಡೆ ಉಬ್ಬು ಚಪ್ಪಟೆಯಾಗಿದೆ. ಎರಡು ನಾಣ್ಯಗಳನ್ನು ವೈಸ್‌ನಲ್ಲಿ ಹಾಕಿ ಬಿಗಿದ ಕೆಲಸ ಇದು.

ಎರಡು ತಲೆಯ ನಾಣ್ಯ ಜಾದೂಗಾರರ ಸಾಮಾನು. ಒಂದು ನಾಣ್ಯವನ್ನು ಲೇತ್‌ನಲ್ಲಿ ಬಟ್ಟಲಿನಂತೆ ಕೊರೆದು, ಇನ್ನೊಂದನ್ನು ಅದರೊಳಗೆ ಕೂರುವಂತೆ ತೆಳುವಾಗಿಸಿ ಕೂರಿಸುತ್ತಾರೆ. ಬೆಸುಗೆ ಪಕ್ಕೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಒಂದು ಮುಖದ ಅಂಚಿನ ಒಳಬುಡದಲ್ಲಿ ಕೂದಲಿನಂಥ ಪೂರ್ಣವೃತ್ತವಾಗಿರುತ್ತದೆ. ಬೆರಳ ತುದಿಯಲ್ಲಿ ನಾಣ್ಯವನ್ನು ನಿಲ್ಲಿಸಿ ಇನ್ನೊಂದು ನಾಣ್ಯದಿಂದ ತಟ್ಟಿದರೆ ‘ಟಣ್’ ಬದಲು ‘ಟಕ್’ ಎನ್ನುತ್ತದೆ.

ಪ್ರಶ್ನೆ: ಎರಡು ಲೋಹದ ನಾಣ್ಯದಲ್ಲಿ ನಡುವಿನ ಬಿಲ್ಲೆ ಒಂದು ಕಡೆಗೆ ಸರಿದಿದೆ.

ಉತ್ತರ: ಹೊರಬಳೆಯೂ ನಡುಬಿಲ್ಲೆಯೂ ಬೇರೆಬೇರೆಯಾಗಿ ಬಂದು, ಮುದ್ರೆ ಬೀಳುವ ಅದೇ ಏಟಿಗೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಏಟಿಗೆ ಮೊದಲೇ ನಡುಬಿಲ್ಲೆ ಸರಿದಿದ್ದರೆ ಅದರ ಲೋಹ ಬಳೆಯ ಮೇಲೆ ಹತ್ತಿ ಹರಡಿರುತ್ತದೆ, ಚಿತ್ರ ಮತ್ತು ಅಕ್ಷರ ಮಾತ್ರ ಎರಡೂ ಲೋಹದ ಮೇಲೆ ಗೆರೆ ತಪ್ಪದೆ ಸಾಗಿರುತ್ತವೆ. ಆಮೇಲೆ ಬಡಿದು ಸರಿಸಿದ್ದರೆ ಚಿತ್ರ ಕೂಡುಗೆರೆಯಲ್ಲಿ ಮುರಿದು ಒಂದಕ್ಕೊಂದು ಹೊಂದುವುದಿಲ್ಲ, ಒಂದು ಬದಿ ಸಂದಿ, ಇನ್ನೊಂದು ಬದಿ ಉಬ್ಬು.

ಪ್ರಶ್ನೆ: ನಾಣ್ಯದ ಮೇಲೆ ಹಸಿರು ಜಿಗುಟು ಇದೆ. ತೊಳೆದರೆ ಕೆಳಗೆ ಏನಿದೆ ಎಂದು ಕಾಣಬಹುದಲ್ಲವೇ?

ಉತ್ತರ: ಜಿಗುಟಾಗಿದ್ದರೆ ಅದು ಪಿವಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಇಟ್ಟ ಫಲ, ಪ್ಲಾಸ್ಟಿಕ್ ಕೆಟ್ಟು ಬಿಟ್ಟ ರಸ. ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ನಾಣ್ಯ ಮುಳುಗಿಸಿಡಿ, ಬಟ್ಟಲು ಬದಲಿಸಿ ಇನ್ನೊಮ್ಮೆ ಅದ್ದಿ, ಉಜ್ಜದೆ ಗಾಳಿಗೆ ಒಣಗಲು ಬಿಡಿ. ಅಸಿಟೋನ್ ಲೋಹವನ್ನು ತಿನ್ನುವುದಿಲ್ಲ, ಆದರೆ ಬೇಗ ಬೆಂಕಿ ಹಿಡಿಯುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ದೀಪ ಬೇಡ. ಉಗುರು ಬಣ್ಣ ತೆಗೆಯುವ ದ್ರವ ಬಳಸಬೇಡಿ, ಅದರಲ್ಲಿ ಎಣ್ಣೆ, ಸುವಾಸನೆ ಬೆರೆಸಿರುತ್ತಾರೆ.

ಜಿಗುಟಿಲ್ಲದೆ ಪುಡಿಪುಡಿಯಾಗಿ ತಿಳಿಹಸಿರಾಗಿದ್ದರೆ ಅದು ಕ್ಲೋರೈಡ್ ಸೇರಿದ ಕಿಲುಬು, ತಾಮ್ರವನ್ನು ಒಳಗೊಳಗೇ ತಿನ್ನುತ್ತ ಹೋಗುತ್ತದೆ. ಅಂಥದ್ದನ್ನು ಉಳಿದ ನಾಣ್ಯಗಳಿಂದ ಬೇರೆಯಿಟ್ಟು ತೇವ ತಾಗದಂತೆ ನೋಡಿಕೊಳ್ಳಿ. ಕಿಲುಬು ತೆಗೆದರೆ ಕೆಳಗೆ ಕುಳಿ ಕಾಣುತ್ತದೆ, ಆ ಕುಳಿಯನ್ನೇ ‘ಬಿಲ್ಲೆಯ ದೋಷ’ ಎಂದು ಬರೆದು ಕಳಿಸುವವರಿದ್ದಾರೆ. ಹುಳಿ, ಹಲ್ಲಿನ ಪೇಸ್ಟ್, ಪಾಲಿಶ್ ಯಾವುದೂ ಬೇಡ. ಮೊದಲ ಉತ್ತರದಲ್ಲಿ ಸಾಕ್ಷಿ ಎಂದ ಹೊಳಪಿನ ಗೆರೆಗಳನ್ನೇ ಇವು ಅಳಿಸಿಹಾಕುತ್ತವೆ. ಆಮೇಲೆ ನಿಜವಾದ ತಪ್ಪಿದ್ದರೂ ಸಾಬೀತು ಮಾಡುವುದು ಕಷ್ಟ.

ಪ್ರಶ್ನೆ: 40 ಪಟ್ಟು ತೋರಿಸುವ ಯುಎಸ್‌ಬಿ ಮೈಕ್ರೋಸ್ಕೋಪ್ ಕೊಳ್ಳಲೇ?

ಉತ್ತರ: ಬೇಡ. ಅದರಡಿ ಪ್ರತಿಯೊಂದು ನಾಣ್ಯವೂ ಎರರ್ ನಾಣ್ಯವೇ. 10 ಪಟ್ಟಿನ ಲೂಪ್, 0.01 ಗ್ರಾಂ ತೂಕದ ಯಂತ್ರ, ವರ್ನಿಯರ್ ಕ್ಯಾಲಿಪರ್, ಅಯಸ್ಕಾಂತ, ವಾಲಿಸಬಹುದಾದ ಒಂದು ದೀಪ, ಜೊತೆಗೆ ಅದೇ ಇಸವಿಯ ಒಂದು ಒಳ್ಳೆಯ ನಾಣ್ಯ ಸಾಕು.

ಪ್ರಶ್ನೆ: ಬ್ರಿಟನ್ನಿನ 20 ಪೆನ್ಸ್ ನಾಣ್ಯದಲ್ಲಿ ಇಸವಿಯೇ ಇಲ್ಲ. ಸವೆದಿರಬಹುದೇ?

ಉತ್ತರ: ಈ ಪತ್ರಕ್ಕೆ ತುಸು ಉತ್ಸಾಹದಿಂದಲೇ ಉತ್ತರಿಸುತ್ತಿದ್ದೇವೆ. 2008ರಲ್ಲಿ ಅಲ್ಲಿ ನಾಣ್ಯಗಳ ವಿನ್ಯಾಸ ಬದಲಾಯಿತು. ಅಲ್ಲಿಯವರೆಗೆ 20 ಪೆನ್ಸಿನ ಇಸವಿ ಹಿಂಬದಿಯಲ್ಲಿತ್ತು, ಹೊಸದರಲ್ಲಿ ಅದನ್ನು ರಾಣಿಯ ಚಿತ್ರದ ಬದಿಗೆ ತಂದರು. ಹೊಸ ಹಿಂಬದಿಯ ಅಚ್ಚಿನ ಜೊತೆಗೆ ಹಳೆಯ ಮುಂಬದಿಯ ಅಚ್ಚು ಯಂತ್ರಕ್ಕೆ ಹತ್ತಿ, ಎರಡು ಬದಿಯಲ್ಲೂ ಇಸವಿ ಇಲ್ಲದ ನಾಣ್ಯಗಳು ಹೊರಬಂದವು. 50,000ದಿಂದ 2,00,000ದವರೆಗೆ ಇರಬಹುದು ಎಂಬುದು ರಾಯಲ್ ಮಿಂಟ್‌ನ ಅಂದಾಜು.

ಹಿಂಬದಿ ತಿರುಗಿಸಿ ನೋಡಿ. ಕಿರೀಟ ತೊಟ್ಟ ಗುಲಾಬಿ ಹೂವಿದ್ದರೆ ಅದು ಹಳೆಯ ವಿನ್ಯಾಸ, ಇಸವಿ ಅಲ್ಲೇ ಇರುತ್ತದೆ, ಸವೆದಿದ್ದರೆ ಸವೆದದ್ದೇ. ಲಾಂಛನದ ಗುರಾಣಿಯ ಒಂದು ಭಾಗ ಇದ್ದರೆ ಮುಂಬದಿಯ ಬರಹದ ಸಾಲನ್ನು ಲೂಪ್ ಹಿಡಿದು ಸುತ್ತ ಓದಿ. ಇಸವಿ ಹೆರೆದಿದ್ದರೆ ಸಾಲಿನಲ್ಲಿ ನಾಲ್ಕು ಅಂಕಿಯಷ್ಟು ಅಗಲದ, ನೆಲ ತಗ್ಗಿದ ಖಾಲಿ ಜಾಗ ಕಾಣುತ್ತದೆ. ಅಂಥ ಖಾಲಿ ಇಲ್ಲದೆ, ಅಕ್ಷರಗಳು ಇಸವಿಗೆ ಎಡೆಯನ್ನೇ ಬಿಡದಂತೆ ಹರಡಿಕೊಂಡಿದ್ದು, ತೂಕ 5.00 ಗ್ರಾಂ ಬಂದರೆ ಅದನ್ನು ಮತ್ತೆ ಬೆರಳಲ್ಲಿ ಮುಟ್ಟದೆ, ಪಿವಿಸಿ ಅಲ್ಲದ ಹೊದಿಕೆಯಲ್ಲಿ ಇಟ್ಟು, ಎರಡೂ ಬದಿಯ ಮತ್ತು ಪಕ್ಕೆಯ ಚಿತ್ರ ತೆಗೆದು ನಮಗೆ ಕಳಿಸಿ.